ಆರನೆಯ ಗುಳಿಗೆ

ನನ್ನ ಮೊಮ್ಮಗಳು ನನ್ನ ಮಾತನ್ನೇ ನಂಬಲಿಲ್ಲ. ಅವತ್ತಿನ ಗಾಬರಿ ಇನ್ನೂ ಇಳಿದಿಲ್ಲ. ಆದರೂ ನೆನೆದಾಗಲೆಲ್ಲ ಸಂತೋಷವಾಗುತ್ತದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ತಿಳಿದಷ್ಟು ಬರೆಯುತ್ತೇನೆ.

ನಾವು ಬಾಗಲಕೋಟೆ ಕಡೆಯವರು. ತೆಲುಗು ಸೀಮೆಯ ಪಟಾನ್‌ಚೆರುವಿಗೆ ಬಂದು ನಲವತ್ತು ವರ್ಷವಾಯಿತು. ಮೊಮ್ಮಗಳು ದಿನಾ ಬಸ್ಸು ಹತ್ತಿ ಕೊಂಡಾಪುರದ ಆಫೀಸಿಗೆ ಹೋಗುತ್ತಾಳೆ. ಟೆಸ್ಟಿಂಗ್ ಕೆಲಸ, ಆಗಿನ್ನೂ ಕಾಯಂ ಆಗಿರಲಿಲ್ಲ. ಬೇರೆಯವರು ಮಾಡಿದ ಆ್ಯಪನ್ನು ನೋಡಿ, ಛಲೋ ಇದೆ ಎಂದು ಹೇಳುವುದೇ ಆ ಕೆಲಸ ಎಂದು ನಾನು ತಿಳಿದಿದ್ದೆ.

ಬೇಸಿಗೆಯಲ್ಲಿ ಒಂದು ದಿನ ಅವಳು ನನ್ನ ಫೋನಿಗೆ ಅವರ ಆಫೀಸಿನ ಹೊಸ ಆ್ಯಪ್ ಹಾಕಿದಳು. ಗುಳಿಗೆ ನುಂಗುವ ಹೊತ್ತಿಗೆ ಅದು ಗಂಟೆ ಬಾರಿಸುತ್ತದೆ. ನುಂಗಿದ ಮೇಲೆ ‘ತಗೊಂಡೆ’ ಎಂದು ಒತ್ತಬೇಕು.

“ಆಯಿ, ಐದು ದಿನ ಇದನ್ನ ಬಳಸು. ನಾ ಏನೂ ಹೇಳಿಕೊಡಂಗಿಲ್ಲ.”

“ಹೇಳಿಕೊಡದಿದ್ರ ನನಗೇನ್ ತಿಳೀತೈತಿ?”

“ತಿಳೀಲಿಲ್ಲಂದ್ರ ತಪ್ಪು ಅದರದು, ನಿಂದಲ್ಲ.”

ಐದನೆಯ ದಿನ ಸಂಜೆ ಬಂದು ಕೇಳಿದಳು, “ಹೆಂಗಿತ್ತು?”

“ಭಾಳ ಛಲೋ ಐತಿ. ಒಂದೂ ತಪ್ಪಿಲ್ಲ,” ಎಂದೆ. ತಪ್ಪು ಹೇಳಿದರೆ ಅವಳ ಕೆಲಸಕ್ಕೇ ಕೆಟ್ಟ ಹೆಸರು ಎಂಬ ಅಂಜಿಕೆ ನನಗೆ.

ಅವಳು ತಲೆಯಾಡಿಸಿ, ಸೀದಾ ಹೋಗಿ, ಆ್ಯಪ್ ಹಾಕಿದ ದಿನವೇ ಹೊಸದಾಗಿ ಶುರು ಮಾಡಿದ್ದ ನನ್ನ ಗುಳಿಗೆಯ ಹಾಳೆ ತಂದಳು. ಒಂದೊಂದೇ ಖಾನೆ ಮುಟ್ಟಿ ಎಣಿಸಿದಳು.

“ಆ್ಯಪ್‌ನಾಗ ಐದು ಐತಿ. ಇಲ್ಲಿ ಆರು ಖಾಲಿ ಅದಾವಲ್ಲ?”

“ಒಂದು ಕೈಜಾರಿ ಬಿತ್ತು.”

“ಎಲ್ಲಿ?”

ಮಂಚದ ಕೆಳಗೆ ಎಂದೆ. ಅವಳು ನೆಲಕ್ಕೆ ಬಗ್ಗಿ, ಫೋನಿನ ಬೆಳಕು ಬಿಟ್ಟು ಹುಡುಕತೊಡಗಿದಳು. ಎತ್ತಿ ಆಡಿಸಿದ ಕೂಸು ನನ್ನ ಮಾತನ್ನು ತನಿಖೆ ಮಾಡುತ್ತಿದೆ.

“ನಿಮ್ಮ ಆಯಿ ಮ್ಯಾಲ ನಂಬಿಕಿ ಇಲ್ಲೇನು ನಿನಗ?”

“ನಂಬಿಕಿ ಐತಿ. ಆದ್ರೂ ಎಣಿಸ್ತೀನಿ. ಅದಕ್ಕ ನನಗ ಪಗಾರ ಕೊಡ್ತಾರ.”

ಆಮೇಲೆ ಮುಚ್ಚಿಡಲಾಗಲಿಲ್ಲ. ನಾಲ್ಕನೆಯ ದಿನ ಮುಂಜಾನೆ ಗುಳಿಗೆ ನುಂಗಿ ಒತ್ತಿದ್ದೆ. ಮಧ್ಯಾಹ್ನ ಫೋನು ಕಾದ ಹಂಚಿನಂತಾಗಿತ್ತು. ಅದಕ್ಕೂ ಒಂದಿಷ್ಟು ವಿಶ್ರಾಂತಿ ಸಿಗಲಿ ಎಂದು ಪೂರ್ತಿ ಆಫ್ ಮಾಡಿ ಮಲಗಿದೆ. ಎದ್ದು ಆನ್ ಮಾಡಿದರೆ ಗಂಟೆ ಬಾರಿಸಿತು, ಮುಂಜಾನೆಯ ಬಿಪಿ ಗುಳಿಗೆ ಬಾಕಿ ಇದೆ ಎಂದು. ಮೊಮ್ಮಗಳು ಹಾಕಿಕೊಟ್ಟದ್ದು ಸುಳ್ಳಾಡೀತೇ, ನನಗೇ ಮರೆವು ಎಂದುಕೊಂಡು ಇನ್ನೊಂದು ನುಂಗಿದೆ. ಸಂಜೆತನಕ ಗೋಡೆ ಹಿಡಿದೇ ಓಡಾಡಿದೆ.

ಕೇಳುತ್ತ ಕೇಳುತ್ತ ಅವಳ ಮುಖ ಬಿಳಿಚಿಕೊಂಡಿತು. ಮೊದಲು ಡಾಕ್ಟರಿಗೆ ಫೋನು ಹಚ್ಚಿ, ಈಗ ಭಯವಿಲ್ಲ ಎಂದು ತಿಳಿದುಕೊಂಡಳು. ಆಮೇಲೆ ಆ್ಯಪಿನ ವೇಳೆ ಬದಲಿಸಿ, “ಗುಳಿಗಿ ನುಂಗೋದೊಂದು ಬಿಟ್ಟು, ಅವತ್ತು ಮಾಡಿದಂಗ ಎಲ್ಲಾ ಮಾಡು,” ಎಂದಳು. ಗಂಟೆ ಬಾರಿಸಿದಾಗ ಒತ್ತಿದೆ. ಆಫ್ ಮಾಡಿದೆ. ಆನ್ ಮಾಡಿದೆ. ಗಂಟೆ ಮತ್ತೆ ಬಾರಿಸಿತು.

ಆ ಆ್ಯಪ್ ಮರುದಿನವೇ ಜನರ ಕೈಗೆ ಹೋಗುವುದಿತ್ತು. ಅವಳು ಮ್ಯಾನೇಜರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ, ನಡೆದದ್ದನ್ನೆಲ್ಲ ಹೇಳಿದಳು. ಅವರದು ತೆಲುಗು, ನನಗೆ ತಿಳಿಯುತ್ತದೆ.

“ಈ ಕಾಲದಲ್ಲಿ ಫೋನ್ ಯಾರಮ್ಮಾ ಆಫ್ ಮಾಡ್ತಾರೆ? ನಾಳೆ ಬಿಡೋಣ, ಆಮೇಲೆ ಸರಿಮಾಡಿದರಾಯ್ತು. ನೀನು ಎಲ್ಲಾ ಸರಿ ಇದೆ ಅಂತ ಬರೆ.”

“ಬರೆಯೋದಿಲ್ಲ ಸರ್.”

ಕೆಲಸ ಹೋಯಿತು ಎಂದುಕೊಂಡೆ. ಅವಳ ಮೊಣಕೈ ತಿವಿದು, “ಹ್ಞೂಂ ಅನ್ನವ್ವ,” ಎಂದು ಪಿಸುಗುಟ್ಟಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

“ನಾನು ಕಣ್ಣಾರೆ ನೋಡಿದ್ದನ್ನ ನೋಡಿಲ್ಲ ಅಂತ ಬರೆಯೋಕಾಗಲ್ಲ ಸರ್.”

“ನಿಮ್ಮ ಅಜ್ಜಿ ಮರೆತು ಎರಡು ಸಲ ತಗೊಂಡಿರಬೇಕು.”

ಆಗ ನಾನೇ ಫೋನಿನ ಹತ್ತಿರ ಬಾಯಿ ತಂದೆ. ನನಗೆ ಬಂದಷ್ಟು ತೆಲುಗಿನಲ್ಲಿ ಹೇಳಿದೆ, “ಮರೆವಿಲ್ಲ ಬಾಬು. ನಿಮ್ಮ ಹತ್ತಿರ ಈ ಆ್ಯಪ್ ಇರುವ ಇನ್ನೊಂದು ಫೋನ್ ಇದ್ದರೆ ‘ತಗೊಂಡೆ’ ಒತ್ತಿ, ಆಫ್ ಮಾಡಿ, ಆನ್ ಮಾಡಿ ನೋಡಿ. ನಾನು ಕಾಯ್ತೀನಿ.”

ನಾನು ಸೆರಗಿನ ತುದಿ ಹಿಂಡುತ್ತ ಕುಳಿತೆ. ಕೊನೆಗೆ ಅಲ್ಲಿಂದಲೂ ಗಂಟೆ ಕೇಳಿಸಿತು.

“ಈಗ ಆರೋಗ್ಯ ಹೇಗಿದೆ ಅಮ್ಮಾ?” ಎಂದರು ಅವರು. ದನಿ ಬೇರೆಯಾಗಿತ್ತು. ಆಮೇಲೆ ಮೊಮ್ಮಗಳಿಗೆ, “ನಾಳೆ ಬಿಡೋದು ಬೇಡ. ನೋಡಿದ್ದನ್ನ ನೋಡಿದ ಹಾಗೇ ಬರೆದು ಕಳಿಸು,” ಎಂದರು.

ಫೋನ್ ಇಟ್ಟ ಮೇಲೆ ಅವಳ ಕೈ ಹಿಡಿದೆ. “ಕೆಲಸ ಹೋತಂತ ಮಾಡಿದ್ದೆ ಆಯಿ,” ಎಂದಳು. ಇಷ್ಟು ಅಂಜಿಕೆ ಇಟ್ಟುಕೊಂಡು ಹಾಗೆ ಮಾತಾಡಿದಳಲ್ಲ! ಯಾವ ಪುಣ್ಯಕ್ಕೆ ಈ ಹುಡುಗಿ ನನ್ನ ಮನೆಯಲ್ಲಿ ಹುಟ್ಟಿದಳೋ.

ವಾರ ಕಳೆದ ಮೇಲೆ ತಿದ್ದಿದ ಆ್ಯಪ್ ಬಂತು. ಈ ಸಲ ನಾನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟೆ. ಅಕ್ಷರ ಇರುವೆಯಷ್ಟು ಸಣ್ಣ. ‘ತಗೊಂಡೆ’ ಮತ್ತು ‘ಅಳಿಸು’ ಒಂದಕ್ಕೊಂದು ಅಂಟಿಕೊಂಡಿವೆ, ದಪ್ಪ ಬೆರಳಿಗೆ ಎರಡೂ ಸಿಗುತ್ತವೆ. ಹೀಗೆ ಹಾಳೆ ತುಂಬಿತು.

ಅವಳು ಓದಿ ನಕ್ಕಳು. “ಆಯಿ, ಇದನ್ನ ಮಾಡಿದವ್ರಿಗೆ ಸಿಟ್ಟು ಬರ್ತೈತಿ.”

“ಬರಲಿ. ಎಲ್ಲಾ ಓದಿ ಹೇಳು ಅವ್ರಿಗೆ,” ಎಂದೆ. “ಒಂದೂ ಬಿಡಬ್ಯಾಡ.”