ಉಲ್ಲೇಖ ಸಂಖ್ಯೆ ಹದಿನೇಳು: ಒಂದು ಹಂಚು

ವಿದ್ವಾಂಸನಾದವನು ಆಡುವ ಪ್ರತಿ ಮಾತಿಗೂ ಗಟ್ಟಿ ಆಧಾರವಿರಬೇಕು. ಆಧಾರವಿಲ್ಲದ ಪಾಂಡಿತ್ಯ ಅಡಿಪಾಯವಿಲ್ಲದ ಮನೆಯಿದ್ದಂತೆ. ನನ್ನ ಆಧಾರ ಮಾತ್ರ ಅಡಿಪಾಯದಲ್ಲಿರಲಿಲ್ಲ, ಮಾಡಿನ ಮೇಲಿತ್ತು. ಅದೊಂದು ಹಂಚು.

ಕುಂದಾಪುರದ ಕಾಲೇಜೊಂದರಲ್ಲಿ ಬಹಳ ವರ್ಷ ಇತಿಹಾಸ ಪಾಠ ಹೇಳಿದ ಮೇಲೆ, ನಿವೃತ್ತಿ ಕಣ್ಣೆದುರು ಕಾಣುವ ಹೊತ್ತಿಗೆ, ನಾನು ಪಿಎಚ್.ಡಿ.ಗೆ ಹೆಸರು ಕೊಟ್ಟಿದ್ದೆ. ವಿಷಯ, ನಮ್ಮ ಕರಾವಳಿಯ ಹಳೆಯ ಹಂಚಿನ ಕಾರ್ಖಾನೆಗಳು. ಮಹಾಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನವಾದರೂ ಒಳ್ಳೆಯ ಪತ್ರಿಕೆಯಲ್ಲಿ ಸ್ವೀಕಾರವಾಗಿರಬೇಕೆಂಬುದು ನಿಯಮ. ವಿಶ್ವವಿದ್ಯಾಲಯ ಎರಡು ಸಲ ಅವಧಿ ವಿಸ್ತರಿಸಿತ್ತು. ಮೂರನೆಯ ಸಲ ಇಲ್ಲ ಎಂದು ಬರೆದು ತಿಳಿಸಿಯೂ ಆಗಿತ್ತು. ಗಡುವು ಆ ತಿಂಗಳ ಕೊನೆ.

ಲೇಖನ ಕಳುಹಿಸುವ ಮುಂಚೆ ಒಂದು ವಾರ ನಾನು ಉಲ್ಲೇಖ ಪಟ್ಟಿಯೊಡನೆಯೇ ಸಂಸಾರ ಮಾಡಿದೆ. ಪತ್ರಿಕೆಯವರ ಸೂಚನೆಗಳು ಹದಿನಾಲ್ಕು ಪುಟ. ಪುಸ್ತಕದ ಹೆಸರು ಓರೆಯಾಗಿರಬೇಕು, ಲೇಖನದ ಹೆಸರು ನೆಟ್ಟಗಿರಬೇಕು; ಸಂಪುಟದ ನಂತರ ಅಲ್ಪವಿರಾಮ ಹಾಕಿದವನಿಗೆ ಗತಿಯಿಲ್ಲ. ಒಟ್ಟು ಅರವತ್ತೊಂದು ಉಲ್ಲೇಖಗಳು. ಊಟಕ್ಕೆ ಕೂತಾಗಲೂ ನಲವತ್ಮೂರರಲ್ಲಿ ಪುಟಸಂಖ್ಯೆ ಹಾಕಿದ್ದೇನೋ ಇಲ್ಲವೋ ಎಂದು ಎದ್ದು ಹೋಗುತ್ತಿದ್ದೆ.

"ಮಗಳ್ ಜಾತಕನೂ ನೀವ್ ಇಷ್ಟ್ ಸಲ ಕಾಣ್ಲಿಲ್ಲೆ" ಎಂದಳು ಹೆಂಡತಿ.

ಶುಕ್ರವಾರ ಮಧ್ಯಾಹ್ನ ಪತ್ರಿಕೆಯ ಕಚೇರಿಯಿಂದ ಮೇಲ್ ಬಂತು. ಲೇಖನದ ವಾದಕ್ಕೆ ಪರಿಶೀಲಕರ ಆಕ್ಷೇಪವಿಲ್ಲ. ಆದರೆ ಹದಿನೇಳನೆಯ ಉಲ್ಲೇಖ ಅಪೂರ್ಣವಾಗಿದೆ. ವಸ್ತು ಈಗ ಎಲ್ಲಿದೆ, ಯಾರ ವಶದಲ್ಲಿದೆ ಎಂಬ ವಿವರವನ್ನೂ ಛಾಯಾಚಿತ್ರವನ್ನೂ ಸೋಮವಾರ ಬೆಳಿಗ್ಗೆ ಹತ್ತರೊಳಗೆ ಒದಗಿಸದಿದ್ದರೆ ಲೇಖನವನ್ನು ಹಿಂದಿರುಗಿಸಲಾಗುವುದು.

ಆ ವಸ್ತುವೇ ನನ್ನ ಹಂಚು. ಅದರ ಅಡಿಭಾಗದಲ್ಲಿ ಕುಂದಾಪುರದ ಒಂದು ಕಾರ್ಖಾನೆಯ ಮುದ್ರೆ ಮತ್ತು ಇಸವಿ ಒತ್ತಿದ್ದವು. ಇಸವಿಯ ಕೊನೆಯ ಅಂಕಿ ಮೂರು. ನಮ್ಮ ಕಡೆಯ ಮೊದಲನೆಯದೆಂದು ಎಲ್ಲರೂ ಒಪ್ಪಿದ್ದ ಇನ್ನೊಂದು ಕಾರ್ಖಾನೆ ಅದಕ್ಕಿಂತ ಎರಡು ವರ್ಷ ಚಿಕ್ಕದು. ಅಂದರೆ ಎಲ್ಲರೂ ತಪ್ಪು, ನಾನೊಬ್ಬ ಸರಿ. ಇತಿಹಾಸಕಾರನಿಗೆ ಜೀವಮಾನದಲ್ಲಿ ಒಮ್ಮೆ ಸಿಗುವ ಭಾಗ್ಯ.

ಕಾಲೇಜಿನ ಲೈಬ್ರೇರಿಯನ್, ನನ್ನ ಉಲ್ಲೇಖಗಳನ್ನೆಲ್ಲ ಕಂಪ್ಯೂಟರಿನಲ್ಲಿ ಓರೆ ಮಾಡಿಕೊಟ್ಟ ಪುಣ್ಯಾತ್ಗಿತ್ತಿ, ಕೇಳಿದಳು: "ಫೋಟೋ ಇತ್ತಾ ಸರ್?"

"ನೋಟ್‌ಬುಕ್ಕಲ್ ಬರ್ಕಂಡಿದ್ದೆ."

"ಮೂರ್ ವರ್ಷ ಫೋನ್ ಕಿಸೆಯಂಗ್ ಇಟ್ಕಂಡ್ ಎಂತ ಮಾಡ್ತಿದ್ರಿ ಸರ್?"

ಹಂಚನ್ನು ನಾನು ಮೂರು ವರ್ಷದ ಹಿಂದೆ ಕಂಡದ್ದು ಬೈಂದೂರಿನಲ್ಲಿ, ಹೆಂಡತಿಯ ಅಣ್ಣನ ಮನೆಯ ಅಡುಗೆಕೋಣೆಯಲ್ಲಿ, ಏಣಿ ಹತ್ತಿ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಬೈಂದೂರಿಗೆ ಹೋದೆ. ಅಡುಗೆಕೋಣೆ ಇತ್ತು; ಅದರ ಮೇಲೆ ಹೊಸ ಕಾಂಕ್ರೀಟ್ ಚಪ್ಪಡಿ ಇತ್ತು.

"ಹಂಚು?" ಎಂದೆ.

"ಹೋದ್ ವರ್ಷ ತೆಗ್ಸಿದೆ. ಅದ್ರಂಗೆ ಗಟ್ಟಿ ಇದ್ದದ್ ಎಲ್ಲ ಬ್ರಹ್ಮಾವರಕ್ಕೆ ಹೋಯ್ತ್, ಮಗಳ ಮನೆ ಸೌದಿ ಕೊಟ್ಗಿಗೆ" ಎಂದ ಭಾವ. "ಎಂತ ಭಾವ, ಮುಖ ಹಾಂಗ್ ಮಾಡ್ಕಂಡ್ರಿ? ಚಾ ಕುಡೀನಿ. ನಮ್ಮಲ್ ಹಂಚ್ ಬಿಸಾಡುವರ್ ಯಾರಿದ್ರ್?"

ನಮ್ಮ ಕಡೆ ಹಂಚು ಒಡೆಯುವ ತನಕ ಸಾಯುವುದಿಲ್ಲ. ಚಾವಡಿಯಿಂದ ಅಡುಗೆಕೋಣೆಗೆ, ಅಲ್ಲಿಂದ ದನದ ಹಟ್ಟಿಗೆ, ಹಟ್ಟಿಯಿಂದ ಸೌದೆ ಕೊಟ್ಟಿಗೆಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ, ನೆಂಟರ ಮನೆಗಳನ್ನೆಲ್ಲ ಸುತ್ತುತ್ತದೆ. ಇದನ್ನು ನನ್ನ ಎರಡನೆಯ ಅಧ್ಯಾಯದಲ್ಲಿ ನಾನೇ ಹೆಮ್ಮೆಯಿಂದ ಬರೆದಿದ್ದೇನೆ. ನನ್ನ ಆಧಾರವೂ ಹಂಚೇ ಎಂಬುದು ಬರೆಯುವಾಗ ಹೊಳೆದಿರಲಿಲ್ಲ.

ಭಾನುವಾರ ಬ್ರಹ್ಮಾವರ. ಬಸ್ಸು ತೆಕ್ಕಟ್ಟೆ ದಾಟುವಷ್ಟರಲ್ಲಿ ಹಂಚು ಒಡೆದಿರಬಹುದಾದ ಒಂಬತ್ತು ವಿಧಗಳನ್ನು ಲೆಕ್ಕ ಹಾಕಿದ್ದೆ. ತೆಂಗಿನಕಾಯಿ ಬೀಳುವುದು ಅವುಗಳಲ್ಲಿ ಎರಡು ಸಲ ಬಂದಿತ್ತು.

ಭಾವನ ಮಗಳ ಗಂಡ ಮನೆಯಲ್ಲಿರಲಿಲ್ಲ. ಅವಳೂ ಅವಳ ಅತ್ತೆಯೂ ನಾನೂ ಸೌದೆ ಕೊಟ್ಟಿಗೆಯೊಳಗೆ ನಿಂತು, ಫೋನಿನ ಬೆಳಕು ಬಿಟ್ಟು, ಕುತ್ತಿಗೆ ಮೇಲೆತ್ತಿ ಹುಡುಕತೊಡಗಿದೆವು. ಗುರುತು ನನ್ನ ಟಿಪ್ಪಣಿಯಲ್ಲಿತ್ತು: ಹಸಿಮಣ್ಣಿನಲ್ಲಿರುವಾಗ ಬೆಕ್ಕೊಂದು ತುಳಿದುಹೋದ ಹೆಜ್ಜೆ, ಇಸವಿಯ ಪಕ್ಕದಲ್ಲಿ.

"ಮೇಷ್ಟ್ರೇ, ಬೆಕ್ಕಿನ್ ಕಾಲ್ ಹುಡ್ಕುಕೆ ಕಾಲೇಜಿನಲ್ ಸಂಬ್ಳ ಕೊಡ್ತ್ರಾ?" ಎಂದರು ಆ ಅಜ್ಜಿ.

"ಅತ್ತೆ, ಸುಮ್ನಿರಿ. ಮಾವಂಗೆ ಮೊದ್ಲೇ ಗಡಿಬಿಡಿ ಇತ್ತ್" ಎಂದಳು ಸೊಸೆ.

ಮುಕ್ಕಾಲು ಗಂಟೆಯ ಮೇಲೆ ಅವಳೇ ಕೂಗಿದಳು: "ಮಾವ, ಇಲ್ಕಾಣಿ!"

ನಾಲ್ಕು ಪುಟ್ಟ ಬೆರಳು, ಒಂದು ಅಂಗಾಲು. ಪಕ್ಕದಲ್ಲಿ ಮಸಿಯೊಳಗಿಂದ ಇಸವಿ, ಕೊನೆಯಲ್ಲಿ ಮೂರು. ಸೊಸೆ ಏಣಿ ಹತ್ತಿ ಹಂಚನ್ನು ಇಳಿಸಿದಳು. ನಾನು ಅಂಗಳಕ್ಕೆ ತಂದು ಫೋಟೋ ತೆಗೆದೆ.

"ಹಾಂಗೇ ತೆಗುದಾ? ಮಸಿ ಹಿಡ್ದದ್ದನ್ನ?" ಅಜ್ಜಿಗೆ ನಾಚಿಕೆಯಾಯಿತು. "ನಮ್ಮನಿ ಹಂಚ್ ಪೇಪರಿನಲ್ ಬಪ್ಪತಿಗೆ ಚಂದ ಇರ್ಕ್. ತಡೀನಿ, ತೊಳ್ದ್ ಕೊಡ್ತೆ."

ಬೇಡವೆನ್ನುವಷ್ಟರಲ್ಲಿ ಅವರು ಬಾವಿಕಟ್ಟೆಯಲ್ಲಿ ತೆಂಗಿನ ನಾರು ಹಾಕಿ ತಿಕ್ಕತೊಡಗಿದ್ದರು. ಹಂಚು ಕೆಂಪಗೆ ಹೊಳೆಯುತ್ತ ನನ್ನ ಕೈಗೆ ಬಂತು. ಬೆಕ್ಕಿನ ಹೆಜ್ಜೆ ಚೊಕ್ಕವಾಗಿತ್ತು. ಕೊನೆಯ ಅಂಕಿ ಎಂಟಾಗಿತ್ತು.

ಇಂಗ್ಲಿಷ್ ಅಂಕಿಯ ಎಡಮಗ್ಗುಲಿನ ತಗ್ಗಿನಲ್ಲಿ ಎಷ್ಟೋ ವರ್ಷದ ಅಡುಗೆಯ ಹೊಗೆ ತುಂಬಿಕೊಂಡು ಎಂಟನ್ನು ಮೂರು ಮಾಡಿ ಕೂತಿತ್ತು. ನಾನು ಐದು ವರ್ಷದ ಇತಿಹಾಸವನ್ನು ಕಟ್ಟಿದ್ದು ಭಾವನ ಮನೆಯ ಒಗ್ಗರಣೆಯ ಮೇಲೆ.

"ಎಂತ ಮೇಷ್ಟ್ರೇ, ಹಾಳಾಯ್ತಾ?"

"ಇಲ್ಲೆ ಅಮ್ಮ, ಸರಿ ಆಯ್ತ್" ಎಂದೆ.

ಬಸ್‌ಸ್ಟ್ಯಾಂಡಿನಲ್ಲಿ ಭಾವನ ಫೋನ್ ಬಂತು. ಮಗಳು ಸುದ್ದಿ ಮುಟ್ಟಿಸಿದ್ದಳು. "ತೊಳುಕ್ ಮುಂಚೆ ತೆಗ್ದ್ ಫೋಟೋ ಇತ್ತಲ್ದಾ? ಅದನ್ನೇ ಕಳ್ಸಿ ಭಾವ. ಅವ್ರೆಂತ ಇಲ್ಲಿಗೆ ಬಂದ್ ಸೌದಿ ಕೊಟ್ಗಿ ಒಳ್ಗೆ ಕಾಂತ್ರಾ?"

ಯಾರೂ ಬಂದು ಕಾಣುವುದಿಲ್ಲ. ಅದೇ ಹೆದರಿಕೆ. ಫೋನಿನಲ್ಲಿ ಎರಡು ಚಿತ್ರಗಳು ಅಕ್ಕಪಕ್ಕ ಇದ್ದವು, ಒಂದರಲ್ಲಿ ನಾನು ಸರಿ, ಇನ್ನೊಂದರಲ್ಲಿ ಊರೆಲ್ಲ ಸರಿ. ಮಸಿಯ ಚಿತ್ರ ಸುಳ್ಳೂ ಅಲ್ಲ. ಹಂಚು ಹಾಗೇ ಇತ್ತು. ಅದನ್ನು ಕಳುಹಿಸಿದರೆ ಕೆಲಸ ಐದು ನಿಮಿಷದ್ದು. ಕಳುಹಿಸದಿದ್ದರೆ ಆ ವಾದದ ಪರಿಚ್ಛೇದವನ್ನೇ ತೆಗೆಯಬೇಕು. ಎಲ್ಲರೂ ಹೇಳಿದ್ದನ್ನೇ ಹೇಳುವುದಕ್ಕೆ ಹಂಚಿನ ಸಾಕ್ಷಿ ಬೇಕಿಲ್ಲವಾದ್ದರಿಂದ ಹದಿನೇಳೂ ಹೋಗಬೇಕು. ಹೊಸ ಮಾತೇ ಇಲ್ಲದ ಲೇಖನ ಅವರಿಗೇಕೆ ಬೇಕು? ಕುಂದಾಪುರ ಬರುವವರೆಗೆ ಬೆರಳು ಎರಡು ಚಿತ್ರಗಳ ನಡುವೆ ಓಡಾಡಿತು. ಇಳಿಯುವ ಮುಂಚೆ ಮಸಿಯದ್ದನ್ನು ಅಳಿಸಿದೆ. ಧೈರ್ಯದಿಂದಲ್ಲ, ಇಟ್ಟುಕೊಂಡರೆ ಕಳುಹಿಸಿಬಿಡುತ್ತೇನೆಂಬ ಭಯದಿಂದ.

ಲೈಬ್ರೇರಿಯನ್‌ಗೆ ಫೋನ್ ಮಾಡಿ, ಒಂದು ಉಲ್ಲೇಖ ತೆಗೆದರೆ ಉಳಿದವು ತಾವಾಗಿಯೇ ಮೇಲೆ ಸರಿಯುತ್ತವೆಯೇ ಎಂದು ಕೇಳಿದೆ.

"ನಂಬರ್ ಎಲ್ಲ ನೀವ್ ಕೈಯಂಗೇ ಹೊಡ್ದದ್ ಸರ್. ಯಾವ್ದೂ ಸರಿಯುದಿಲ್ಲೆ" ಎಂದಳು. ಆಮೇಲೆ ತಾನೇ, "ನಾಳೆ ಎಂಟ್ ಗಂಟಿಗೆ ಲೈಬ್ರೇರಿ ಬಾಗ್ಲ್ ತೆಗಿತೆ, ಬನ್ನಿ" ಎಂದಳು.

ಆ ಪರಿಚ್ಛೇದವನ್ನು ರಾತ್ರಿಯೇ ತೆಗೆದಿದ್ದೆ. ಸೋಮವಾರ ಬೆಳಿಗ್ಗೆ ಅವಳು ಓದುತ್ತ, ನಾನು ತಿದ್ದುತ್ತ ಹೋದೆವು. ಹದಿನೆಂಟು ಹದಿನೇಳಾಯಿತು, ಹತ್ತೊಂಬತ್ತು ಹದಿನೆಂಟಾಯಿತು; ಪಟ್ಟಿಯಲ್ಲಿ ನಲವತ್ತನಾಲ್ಕು ಬದಲಾವಣೆ, ಲೇಖನದ ಒಳಗೆ ಅದಕ್ಕೂ ಹೆಚ್ಚು. ಮೂವತ್ತೊಂದು ಎರಡು ಸಲ ಬಂದು ಮತ್ತೆ ಹಿಂದಿನಿಂದ ಶುರು ಮಾಡಿದೆವು. ಹತ್ತಕ್ಕೆ ಹನ್ನೊಂದು ನಿಮಿಷವಿರುವಾಗ, ಇಸವಿಯನ್ನು ನಾನು ತಪ್ಪಾಗಿ ಓದಿದ್ದೆನೆಂದು ಎರಡು ಸಾಲು ಬರೆದು ಕಳುಹಿಸಿದೆ.

ಗುರುವಾರ ಉತ್ತರ ಬಂತು. ಉಳಿದ ಭಾಗವೇ ಸಾಕೆಂದು ಲೇಖನ ಸ್ವೀಕಾರವಾಗಿತ್ತು. ಉಲ್ಲೇಖಗಳು ಅರವತ್ತು.