ಹಳದಿ ಬಾಕ್ಸ್ ಬರ್ಲಿಲ್ಲ ಅಂತ ವೈರ್ ಕಿತ್ತ ಜಯಕ್ಕ

ಕೆಲ್ಸ ಸರಿಯಾಗಿ ಮಾಡಿದ್ದಕ್ಕೆ ಬೈಸ್ಕೊಂಡಿದೀರಾ ಸ್ನೇಹಿತ್ರೇ? ನಾನು ಇವತ್ತು ಬೈಸ್ಕೊಂಡೆ.

ನಮ್ಮ ರಕ್ತಪರೀಕ್ಷೆ ಲ್ಯಾಬಿನ ಮುಖ್ಯ ಕಂಪ್ಯೂಟರ್ ಇರೋದು ತುಮಕೂರಲ್ಲಿ, ಅದನ್ನ ನೋಡ್ಕೊಳ್ಳೋನು ನಾನು. ಕುಣಿಗಲ್ ಬ್ರಾಂಚಿನವರು ಅಲ್ಲೇ ಕೂತು ರಿಮೋಟ್ ಡೆಸ್ಕ್‌ಟಾಪಲ್ಲಿ ಇದರೊಳಗೆ ಬಂದು ರಿಪೋರ್ಟ್ ತೆಗೀತಾರೆ. ಪ್ರತಿ ಸಲ ‘ಈ ಕಂಪ್ಯೂಟರ್ ನಂಬೋಕಾಗಲ್ಲ, ಆದ್ರೂ ಮುಂದುವರೀಬೇಕಾ?’ ಅಂತ ಹಳದಿ ಬಾಕ್ಸ್ ಬರ್ತಿತ್ತು. ಎರಡು ದಿನ ತಲೆ ಕೆಡಿಸ್ಕೊಂಡು ‘ಇದು ನಮ್ಮದೇ ಕಂಪ್ಯೂಟರ್, ನಂಬ್ಬೋದು’ ಅಂತ ಗುರುತು ಹೇಳೋ ಸೆಕ್ಯುರಿಟಿ ಸರ್ಟಿಫಿಕೇಟ್ ಮಾಡಿ ಹಾಕಿದೆ. ಬಾಕ್ಸ್ ಮಾಯ.

ಬೆಳಿಗ್ಗೆ ಕುಣಿಗಲ್ ಕೌಂಟರಿನ ಜಯಕ್ಕ ಫೋನ್ ಮಾಡಿದ್ರು. “ಸಾರ್, ಯಾರೋ ಒಳಗೆ ನುಗ್ಗವ್ರೆ! ದಿನಾ ಬರೋ ಹಳದಿ ಬಾಕ್ಸ್ ಬರ್ಲೇ ಇಲ್ಲ. ವೈರ್ ಕಿತ್ತಾಕಿದೀನಿ.”

“ಜಯಕ್ಕ, ಅದು ಬರ್ದೇ ಇರೋದೇ ಒಳ್ಳೇದು. ವೈರ್ ಹಾಕಿ.”

“ಬೇರೆ ಥರ ಏನಾದ್ರೂ ಕಂಡ್ರೆ ಮುಟ್ಬೇಡಿ ಅಂತ ನೀವೇ ಹೇಳಿದ್ರಲ್ಲ? ಫೋನಲ್ಲಿ ಯಾರ್ ಬೇಕಾದ್ರೂ ನಿಮ್ ಥರ ಮಾತಾಡ್ಬೋದು. ವಿಡಿಯೋನೂ ನಂಬಂಗಿಲ್ಲ. ಖುದ್ದಾಗಿ ಬನ್ನಿ.”

ಹೋದೆ. ರಿಪೋರ್ಟಿಗೆ ಕಾಯ್ತಿದ್ದೋರೆಲ್ಲ “ಡಾಕ್ಟ್ರು ಎದ್ದೋಗ್ತಾರೆ ಕಣ್ರೀ!” ಅಂತ ನನ್ ಮೇಲೇ ಬಿದ್ರು. ನಾನೇ ವೈರ್ ಸಿಕ್ಕಿಸಿ ತಲೆ ಎತ್ತಿದ್ರೆ, ಮಾನಿಟರ್ ಮೇಲೆ ಹಳೇ ಚೀಟಿ: ‘ಹಳದಿ ಬಾಕ್ಸ್ ಬಂದ್ರೆ ಯೋಚನೆ ಮಾಡ್ಬೇಡಿ, ಯೆಸ್ ಒತ್ತಿ.’ ಅದಕ್ಕೆ ಆಯುಧಪೂಜೆ ದಿನ ಹಚ್ಚಿದ ಅರಿಶಿನ ಕುಂಕುಮ ಬೇರೆ.

ಕೀಳೋಕೆ ಕೈ ಹಾಕಿದೆ. “ಅದನ್ನ ಮಾತ್ರ ಮುಟ್ಬೇಡಿ ಸಾರ್, ಅದಿದ್ದಿದ್ದಕ್ಕೇ ಇಷ್ಟು ವರ್ಷ ಏನೂ ಆಗಿಲ್ಲ” ಅಂದ್ರು ಜಯಕ್ಕ.

ಯಾರನ್ನ ಬಯ್ಲಿ ಹೇಳಿ? ಚೀಟಿ ಕೆಳಗೆ ಸಹಿ ನಂದೇ.