ಒಂಟಿಕಣ್ಣಿನ ಕಾಟಿ

ನಮ್ಮೂರಿನ ನಾಲ್ಕು ಜನ ರಾಕ್ ಬ್ಯಾಂಡ್ ಕಟ್ಟಿದ್ದಾರೆ. ಅವರ ಹಾಡು ಕೇಳಿದರೆ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ ಕಲ್ಲು ಸಿಕ್ಕಿಕೊಂಡ ಹಾಗಿರುತ್ತದೆ. ಇಷ್ಟು ವರ್ಷದಲ್ಲಿ ಅವರು ಮಾಡಿರುವುದೇ ಆರು ಹಾಡು. ಅದರಲ್ಲಿ ಎರಡು ಒಂದೇ ಎಂದು ನನ್ನ ಗುಮಾನಿ. ಆದರೆ ಅವರ ಟೀ ಶರ್ಟ್ ಇಲ್ಲದ ಹೋಮ್‌ಸ್ಟೇ ಮೂಡಿಗೆರೆ ಸುತ್ತ ಹುಡುಕಿದರೂ ಸಿಗುವುದಿಲ್ಲ. ಟೋಪಿ, ಮಗ್ಗು, ಕೀಚೈನು, ಕಾಫಿಪುಡಿಯ ಪೊಟ್ಟಣ, ಎಲ್ಲದರ ಮೇಲೂ ಒಂದೇ ಚಿತ್ರ: ಕೊಂಬು ಬಾಗಿದ ಕಾಟಿಯ, ಅಂದರೆ ಕಾಡುಕೋಣದ ಮುಖ, ಅದಕ್ಕೆ ಒಂದೇ ಕಣ್ಣು. ಇನ್ನೊಂದು ಕಣ್ಣಿನ ಜಾಗ ಬರೀ ಕಪ್ಪು.

ಹಾಡುವವನು ಎಸ್ಟೇಟ್ ಸಾಹುಕಾರರ ಮಗ. ಒಮ್ಮೆ ಕಾಡಿನಲ್ಲಿ ಒಬ್ಬನೇ ಕೂತಿದ್ದಾಗ ಗಾಯಗೊಂಡ ಕಾಟಿಯೊಂದು ಉಳಿದ ಒಂದೇ ಕಣ್ಣಿನಿಂದ ತನ್ನನ್ನೇ ನೋಡಿತಂತೆ. ಆ ಚಿತ್ರ ಹುಟ್ಟಿದ್ದು ಹಾಗಂತೆ. ಕೈಯಲ್ಲಿ ಮೊಬೈಲ್ ಹಿಡಿದು ಬಂದವರಿಗೆಲ್ಲ ಇದನ್ನೇ ಹೇಳುತ್ತಾನೆ. ತೋಟಕ್ಕೆ ಕಾಟಿ ಬಂದಿದೆ ಎಂದರೆ ಜೀಪಿನ ಗಾಜು ಏರಿಸುವ ಆಸಾಮಿ ಅವನು.

ಆ ಕಾಟಿಯನ್ನು ಮಾಡಿದ್ದು ನನ್ನ ಅಪ್ಪ. ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಪಾರ್ಚ್‌ಮೆಂಟ್ ಕಾಫಿಬೀಜ ತುಂಬಿದ ಗೋಣಿಚೀಲದ ಮೇಲೆ ಮೊದಲು ಎಸ್ಟೇಟಿನ ಇಂಗ್ಲಿಷ್ ಅಕ್ಷರಗಳಿರುತ್ತಿದ್ದವು. ಚೀಲ ಹೊರುವವರಿಗೆ ಓದು ಬರುತ್ತಿರಲಿಲ್ಲ, ಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ನಮ್ಮ ಚೀಲ ಬೇರೆಯವರದ್ದರ ಜೊತೆ ಸೇರಿಹೋಗುತ್ತಿತ್ತು. ಅದಕ್ಕೆ ಅಪ್ಪ ಬಿಸ್ಕತ್ ಡಬ್ಬದ ತಗಡಿನ ಮೇಲೆ ಸುಣ್ಣದಕಡ್ಡಿಯಲ್ಲಿ ಕಾಟಿಯ ಮುಖ ಬರೆದು, ಉಳಿಯಲ್ಲಿ ಕೊರೆದು ತೆಗೆದರು. ಕಣ್ಣಿನ ಎರಡು ಬಿಲ್ಲೆ ಮಾತ್ರ ಉದುರದ ಹಾಗೆ ಕೂದಲೆಳೆಯಷ್ಟು ತಗಡಿನ ಪಟ್ಟಿಯಲ್ಲಿ ಉಳಿಸಿಕೊಂಡರು. ತಗಡನ್ನು ಚೀಲದ ಮೇಲಿಟ್ಟು ಮಸಿ ಹಚ್ಚಿದರೆ ಮುಖ ಕಪ್ಪಾಗಿ, ಎರಡು ಕಣ್ಣು ಗೋಣಿಯ ಬಣ್ಣದಲ್ಲೇ ಉಳಿಯುತ್ತಿದ್ದವು.

ಒಂದು ಕೊಯ್ಲಿನ ಗಡಿಬಿಡಿಯಲ್ಲಿ ಪಟ್ಟಿ ಮುರಿದು ಒಂದು ಕಣ್ಣು ಉದುರಿತು. ಲಾರಿ ಬಾಗಿಲಲ್ಲಿ ನಿಂತಿತ್ತು, ಅಪ್ಪ ಹಾಗೇ ಮಸಿ ಹಚ್ಚಿದರು. ಮುಂದೆಯೂ ಹಾಗೇ ನಡೆಯಿತು. ಕಾಡು, ಗಾಯ, ನೋಟ, ಎಲ್ಲಾ ಅಷ್ಟೇ.

ಆಮೇಲೆ ಈ ಹುಡುಗರು ಗೋಡೌನಿನಲ್ಲಿ ಡ್ರಮ್ಮು ಬಡಿಯಲು ಶುರುಮಾಡಿದರು. ಚೀಲದ ಮೇಲಿನ ಚಿತ್ರ ನೋಡಿ ಅಪ್ಪನಿಂದ ತಗಡು ಈಸಿಕೊಂಡು ನಾಲ್ಕು ಬಿಳಿ ಬನಿಯನ್ನಿಗೆ ಒತ್ತಿದರು. ಬನಿಯನ್ ಜಗ್ಗದ ಹಾಗೆ ತುದಿ ಹಿಡಿದುಕೊಂಡವಳು ನಾನೇ. ಈಗ ಬಣಕಲ್‌ನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಪ್ರವಾಸಿಗರು ಆ ಕಾಟಿಯನ್ನು ಎದೆಗೆ ಹಾಕಿಕೊಂಡು ಬಂದು ಆಧಾರ್ ಕಾರ್ಡ್ ಕೊಡುವಾಗಲೆಲ್ಲ ಮೈ ಉರಿಯುತ್ತಿತ್ತು. ಅಪ್ಪನ ಹೆಸರನ್ನು ಒಂದು ಸಲವಾದರೂ ಆ ಹಾಡುವವನ ಬಾಯಲ್ಲಿ ಹೇಳಿಸಲೇಬೇಕು ಎಂದು ಹಟ ಹಿಡಿದೆ.

ನಿವೃತ್ತಿಯಾಗುವಾಗ ಅಪ್ಪ ತಗಡನ್ನು ಮನೆಗೆ ತಂದಿದ್ದರು. ಜಾವಳಿಯ ಹೋಮ್‌ಸ್ಟೇ ಒಂದರ ಅಂಗಳದಲ್ಲಿ ಬ್ಯಾಂಡಿನ ಕಾರ್ಯಕ್ರಮವಿದ್ದ ದಿನ ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದೆ. ಅವನು ಕಾಡಿನ ಕತೆ ಮುಗಿಸುತ್ತಿದ್ದ ಹಾಗೆ ಎಲ್ಲರೆದುರು ಬಿಚ್ಚಿ ತೋರಿಸಿದೆ. ಅವನ ಮುಖ ಸ್ವಲ್ಪ ಕಪ್ಪಿಟ್ಟಿತು, ಅಷ್ಟೇ. ನಾಚಿಕೆಯಾಗಲೂ ಒಂದು ಯೋಗ್ಯತೆ ಬೇಕಲ್ಲ.

"ಎಂತ ಮಾರಾಯ್ತಿ, ಮೊದ್ಲೇ ಹೇಳೂದಲ್ವಾ?" ಎಂದ. "ಮುಂದಿನ ಸಲ ರೈಟರ್‌ನ್ನ ಸ್ಟೇಜಿಗೆ ಕರ್ದು ಒಂದು ಶಾಲು ಹಾಕುವ."

ಒಂದು ಹೊಸ ಟೀ ಶರ್ಟನ್ನೂ ಕೈಗಿಟ್ಟ. ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದು ಅದನ್ನು ಅಪ್ಪನ ಮಡಿಲಿಗೆ ಹಾಕಿ ಎಲ್ಲ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

"ಕಣ್ಣು ಹೋಗಿದ್ದನ್ನೇ ಹಾಕ್ಕಂಡಿದಾರಲ್ಲ," ಎಂದರು. "ನನ್ನ ಹೆಸ್ರು ಹೇಳ್ಬೇಡ ಅನ್ನು. ಇಷ್ಟು ಕೆಟ್ಟ ಕೆಲ್ಸ ಮಾಡ್ದವ್ನು ಯಾರು ಅಂತ ಜನ ನೋಡೂದು ಬೇಡ."

ಸ್ಟೇಜಿಗೆ ಹೋಗುವುದಿಲ್ಲ ಎಂದೂ ಖಂಡಿತವಾಗಿ ಹೇಳಿದರು. ನನಗೆ ಅಪ್ಪನ ಮೇಲೂ ರೇಗಿತು. ಒಬ್ಬ ಬೇರೆಯವರ ಕೆಲಸವನ್ನು ತನ್ನದೆಂದು ಮೆರೆಯುತ್ತಾನೆ, ಇನ್ನೊಬ್ಬರು ತಮ್ಮದನ್ನು ತಮ್ಮದೆನ್ನಲು ಹೆದರುತ್ತಾರೆ. ಇಬ್ಬರ ನಡುವೆ ನಾನೊಬ್ಬಳು ತಗಡು ಹೊತ್ತುಕೊಂಡು ತಿರುಗುವವಳು.

ಮರುದಿನ ಅಪ್ಪ ಬಿಳಿ ಫ್ಯಾಬ್ರಿಕ್ ಪೇಂಟ್ ತರಿಸಿಕೊಂಡರು. ಇದ್ದ ಕಣ್ಣನ್ನು ದಾರದಲ್ಲಿ ಅಳೆದು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಇಲ್ಲದ ಕಣ್ಣನ್ನು ಬರೆದರು. ಇಡೀ ಬೆಳಿಗ್ಗೆ ಅದೇ ಕೆಲಸ. ಬಣ್ಣ ಒಣಗಿದ ಮೇಲೆ ಮಡಿಸಿ ನನ್ನ ಕೈಗೆ ಕೊಟ್ಟರು.

"ಈಗ ಹೇಳು, ನಾನು ಮಾಡಿದ್ದು ಅಂತ. ಯಾರ ಹತ್ರ ಬೇಕಾದ್ರೂ ಹೇಳು."

ಅಂಗಡಿಯ ಮುಂದೆಯೇ ನೇತುಹಾಕಿದೆ. ವಾರವಿಡೀ ಬಂದವರಿಗೆಲ್ಲ ಹೇಳಿದೆ. ಅಪ್ಪನೂ ದಿನಾ ಬಂದು ಬೆಂಚಿನ ಮೇಲೆ ಕೂರತೊಡಗಿದರು, ಯಾರಾದರೂ ಕೇಳಲಿ ಎಂದು. ಭಾನುವಾರ ಒಂದು ಜೋಡಿ ಜೆರಾಕ್ಸಿಗೆ ಬಂತು. ಹುಡುಗಿ ಟೀ ಶರ್ಟ್ ನೋಡಿದಳು, ಮೊಬೈಲಿನಲ್ಲಿದ್ದ ಚಿತ್ರವನ್ನೂ ನೋಡಿದಳು.

"ಇದು ಡೂಪ್ಲಿಕೇಟ್ ಕಣೋ," ಎಂದು ಅವನಿಗೆ ಹೇಳಿದಳು. "ಒರಿಜಿನಲ್‌ಗೆ ಒಂದೇ ಕಣ್ಣು."

ನಾನು ಬಾಯಿ ತೆರೆಯುವಷ್ಟರಲ್ಲಿ ಜೆರಾಕ್ಸ್ ಎತ್ತಿಕೊಂಡು ಹೋಗಿಯಾಗಿತ್ತು. ಅಪ್ಪ ಓದುತ್ತಿದ್ದ ಪೇಪರನ್ನು ನಿಧಾನಕ್ಕೆ ಮಡಿಸಿದರು.

"ಆ ಕಣ್ಣು ಅಳಿಸಿ ಬಿಡ್ಲಾ ಮಗಾ?"

ಬೇಡ ಎಂದೆ. ಅಪ್ಪನ ಹತ್ತಿರ ಅಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿದವಳಲ್ಲ.